ಪಿಸಿಓಎಸ್ ಮಾತ್ರೆ: ಹೆಸರಿಗೆ ಹೆದರಿ ನಿಲ್ಲಿಸಬೇಡಿ

‘ಇದು ಮಕ್ಕಳಾಗದ ಹಾಗೆ ತಗೊಳ್ಳೋ ಮಾತ್ರೆ ಅಲ್ವೇನೇ?’ ಲೇಡೀಸ್ ಹಾಸ್ಟೆಲ್‌ನಲ್ಲಿ ಪಿಸಿಓಎಸ್‌ಗೆ ಔಷಧಿ ತಗೊಳ್ಳೋರು ಒಮ್ಮೆಯಾದ್ರೂ ಕೇಳಿಸಿಕೊಳ್ಳೋ ಮಾತಿದು. ಆಮೇಲೆ ಮಾತ್ರೆ ಶೀಟು ಬಟ್ಟೆ ಕೆಳಗೆ ಸೇರುತ್ತೆ. ಊರಿಗೆ ಹೋಗುವಾಗ ಅಮ್ಮ ನೋಡಿಬಿಟ್ರೆ ಅಂತ ರೂಮಲ್ಲೇ ಉಳಿಯುತ್ತೆ. ಎರಡು ತಿಂಗಳಲ್ಲಿ ನಿಂತೇ ಹೋಗುತ್ತೆ. ಹೀಗೆ ನಾಚಿಕೆಗೆ ಔಷಧಿ ನಿಲ್ಲಿಸೋದು ತಪ್ಪು ಅನ್ನೋದು ನನ್ನ ವಾದ.

ಹೌದು, ಅದು ಗರ್ಭನಿರೋಧಕ ಮಾತ್ರೆಯೇ. ಆದ್ರೆ ಇಲ್ಲಿ ಅದರ ಕೆಲಸ ಬೇರೆ. ಅಂಡ ಬಿಡುಗಡೆಯಾಗದ ತಿಂಗಳಲ್ಲಿ ದೇಹಕ್ಕೆ ಬೇಕಾದಷ್ಟು ಪ್ರೊಜೆಸ್ಟರಾನ್ ಸಿಗಲ್ಲ. ಈಸ್ಟ್ರೋಜನ್ ಮಾತ್ರ ಗರ್ಭಕೋಶದ ಒಳಪದರವನ್ನ ಬೆಳೆಸ್ತಾನೇ ಇರುತ್ತೆ. ವರ್ಷಗಟ್ಟಲೆ ಹೀಗೇ ನಡೆದ್ರೆ ಆ ಪದರದ ಕ್ಯಾನ್ಸರ್ ಅಪಾಯ ಹೆಚ್ಚುತ್ತೆ. ಮುಟ್ಟು 3 ತಿಂಗಳು ಬರಲಿಲ್ಲ ಅಂದ್ರೆ ‘ಒಳ್ಳೇದೇ ಆಯ್ತು, ಇಂಟರ್ನಲ್ಸ್ ಮುಗೀಲಿ’ ಅಂತ ಸುಮ್ಮನಿರಬಾರದು. ಮಾತ್ರೆ ಆ ಪದರವನ್ನ ತೆಳ್ಳಗಿಡುತ್ತೆ, ಜೊತೆಗೆ ಆಂಡ್ರೋಜನ್ ಇಳಿಸಿ ಮೊಡವೆ, ಗಲ್ಲದ ಕೂದಲು ಕಡಿಮೆ ಮಾಡುತ್ತೆ. ಕೂದಲಿಗೆ ಮಾತ್ರ 6 ತಿಂಗಳಾದ್ರೂ ಕಾಯ್ಬೇಕು. ಮುಂದೆ ಮಕ್ಕಳಾಗಲ್ಲ ಅನ್ನೋದು ಸುಳ್ಳು; ನಿಲ್ಲಿಸಿದ ಮೇಲೆ ಮಾತ್ರೆಯ ಪರಿಣಾಮವೂ ಹೋಗುತ್ತೆ.

ಎಲ್ಲರಿಗೂ ಇದೇ ಅಂತಲ್ಲ. ಕಣ್ಣ ಮುಂದೆ ಮಿಂಚು ಕಾಣಿಸಿ ಶುರುವಾಗೋ ಮೈಗ್ರೇನ್, ಹೈ ಬಿಪಿ, ಹಿಂದೆ ರಕ್ತ ಹೆಪ್ಪುಗಟ್ಟಿದ್ದು ಇದ್ರೆ ಈಸ್ಟ್ರೋಜನ್ ಇರೋ ಮಾತ್ರೆ ಅಪಾಯ. ಅಂಥವರಿಗೆ ಡಾಕ್ಟರು ಪ್ರೊಜೆಸ್ಟಿನ್ ಮಾತ್ರ ಕೊಡಬಹುದು. ರೂಮ್‌ಮೇಟ್ ಶೀಟಿಂದ ಸಾಲ ತಗೊಳ್ಳೋರು ಇದನ್ನ ಎರಡು ಸಲ ಓದಿ.

ಮೆಟ್‌ಫಾರ್ಮಿನ್‌ದು ಇನ್ನೊಂದು ಕಥೆ. ‘ನಂಗೇನು ಶುಗರ್ ಇಲ್ವಲ್ಲ?’ ಕಂಟ್ರೋಲ್ ಸಿಸ್ಟಮ್ಸ್ ಓದಿದೋರಿಗೆ ಅರ್ಥ ಆಗುತ್ತೆ: ಇನ್ಸುಲಿನ್ ಸರಿಯಾಗಿ ಕೆಲಸ ಮಾಡಲ್ಲ, ದೇಹ ಇನ್ನಷ್ಟು ಸುರಿಯುತ್ತೆ, ಆ ಹೆಚ್ಚುವರಿ ಇನ್ಸುಲಿನ್ ಅಂಡಾಶಯದಿಂದ ಆಂಡ್ರೋಜನ್ ಹೆಚ್ಚು ತೆಗೆಸುತ್ತೆ. ಮೆಟ್‌ಫಾರ್ಮಿನ್ ಈ ಲೂಪಿನ ಒಳಗೇ ಕೈ ಹಾಕುತ್ತೆ. ಮೊದಲ ವಾರಗಳಲ್ಲಿ ಹೊಟ್ಟೆ ಕೆಡಬಹುದು. ಊಟದ ಜೊತೆ, ಕಡಿಮೆ ಡೋಸಿಂದ ಶುರು ಮಾಡಿದ್ರೆ ತಡ್ಕೋಬಹುದು. ಮೊಡವೆ, ಕೂದಲಿಗೆ ಇದ್ರಿಂದ ದೊಡ್ಡ ಉಪಯೋಗ ನಿರೀಕ್ಷಿಸಬೇಡಿ.

ಸ್ಪೈರೊನೊಲ್ಯಾಕ್ಟೋನ್ ಕೂದಲಿಗೆ ಕೊಡ್ತಾರೆ, ಆದ್ರೆ ಗರ್ಭಿಣಿ ಆಗೋ ಸಾಧ್ಯತೆ ಇದ್ರೆ ಜೊತೆಗೆ ಗರ್ಭನಿರೋಧಕ ಬೇಕೇ ಬೇಕು. ಗಂಡು ಭ್ರೂಣದ ಬೆಳವಣಿಗೆಗೆ ತೊಂದರೆ ಆಗಬಹುದು.

ಮಾತ್ರೆಗಿಂತ ಮೊದಲು ಕೇಳ್ಬೇಕಾದ ಪ್ರಶ್ನೆಯೂ ಇದೆ: ನಿಮಗಿರೋದು ಪಿಸಿಓಎಸ್ ಹೌದಾ? ಮೊದಲ ಮುಟ್ಟಾಗಿ 8 ವರ್ಷ ಆಗೋ ತನಕ ಸ್ಕ್ಯಾನ್ ನೋಡಿ ಪಿಸಿಓಎಸ್ ಅನ್ನಬಾರದು ಅಂತ 2018ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳಿತ್ತು. ಆ ವಯಸ್ಸಲ್ಲಿ ಸಹಜವಾಗೇ ತುಂಬ ಕೋಶಕಗಳು ಕಾಣಿಸ್ತವೆ. ಅಂದ್ರೆ ನಮ್ಮ ಫಸ್ಟ್ ಇಯರ್ ಹುಡುಗಿಯರಲ್ಲಿ ಬಹಳಷ್ಟು ಜನ ಆ ಲೆಕ್ಕದೊಳಗೇ ಬರ್ತಾರೆ. ಸ್ಕ್ಯಾನ್ ರಿಪೋರ್ಟ್ ಒಂದೇ ಹಿಡ್ಕೊಂಡು ಬಂದೋರು ಡಾಕ್ಟರ್ ಹತ್ರ ಮುಟ್ಟಿನ ತಾರೀಖುಗಳನ್ನೂ ಬರೆದುಕೊಂಡು ಹೋಗಿ. ಥೈರಾಯ್ಡ್, ಪ್ರೊಲ್ಯಾಕ್ಟಿನ್ ನೋಡಿದ್ರಾ, ಈ ಮಾತ್ರೆ ನನ್ನ ಯಾವ ತೊಂದರೆಗೆ, ಎಷ್ಟು ತಿಂಗಳಿಗೆ ಅಂತ ಕೇಳಿ. ಹಿಂದೆ ಕ್ಯೂ ಇದ್ರೂ ಕೇಳಿ.