ತಳದಲ್ಲಿರುವ ದೇವತೆ

ಕಳೆದ ತಿಂಗಳು ನಾಗಸಂದ್ರದ ನಮ್ಮ ನೆರೆಮನೆಯಲ್ಲಿ ಶಿಶುವೊಂದಕ್ಕೆ ನಕ್ಷತ್ರಹೋಮವು ನಡೆಯಿತು. ಮಗುವಿನ ಜನ್ಮನಕ್ಷತ್ರ ಉತ್ತರಾಭಾದ್ರೆ. ಪುರೋಹಿತರು ಆ ನಕ್ಷತ್ರದ ಅಧಿದೇವತೆಯಾದ ಅಹಿರ್ಬುಧ್ನ್ಯನಿಗೆ ಆಹುತಿಗಳನ್ನಿತ್ತರು. ಮಂಗಳಾರತಿಯಾದ ಮೇಲೆ ಮಗುವಿನ ಅಜ್ಜಿಯವರು ನಮ್ಮ ಬಳಿಗೆ ಬಂದು, "ಮೇಷ್ಟ್ರೇ, ಈ ದೇವರ ಹೆಸರನ್ನೇ ನಾನು ಕೇಳಿರಲಿಲ್ಲ. ಇವನಿಗೆ ಒಂದು ಗುಡಿಯಿಲ್ಲ, ಹಬ್ಬವಿಲ್ಲ. ಯಾರಪ್ಪ ಇವನು?" ಎಂದು ಕೇಳಿದರು. ಪ್ರಶ್ನೆಯು ಅವರೊಬ್ಬರದೇ ಆಗಿರಲಾರದೆಂದು ಇಲ್ಲಿ ಉತ್ತರಿಸುತ್ತೇವೆ.

ಅಹಿ ಎಂದರೆ ಸರ್ಪ. ಬುಧ್ನ ಎಂದರೆ ತಳ. ತಳದಲ್ಲಿರುವ ಸರ್ಪವೇ ಅಹಿರ್ಬುಧ್ನ್ಯನು. ಇಂಗ್ಲಿಷರ 'ಬಾಟಮ್', ಜರ್ಮನರ 'ಬೋಡನ್' ಎಂಬ ಮಾತುಗಳು ಈ ಬುಧ್ನ ಶಬ್ದಕ್ಕೆ ದಾಯಾದಿಗಳು. ಯಾಸ್ಕರು ನಿರುಕ್ತದಲ್ಲಿ ಬುಧ್ನವೆಂದರೆ ಅಂತರಿಕ್ಷವೆಂದು ಹೇಳಿರುವುದರಿಂದ, ಇವನು ಮೇಲಣ ನೀರಿನ ಆಳಕ್ಕೂ ಸೇರಿದವನೆಂದು ತಿಳಿಯಬೇಕು. ಋಗ್ವೇದದಲ್ಲಿ ಇವನ ಹೆಸರು ಸುಮಾರು 12 ಕಡೆ ಬರುವುದು. ಆದರೆ ಇವನಿಗಾಗಿಯೇ ಒಂದು ಸೂಕ್ತವೂ ಇಲ್ಲ. ವಿಶ್ವೇದೇವರ ಪಂಕ್ತಿಯಲ್ಲಿ, ಅಜ ಏಕಪಾದ, ಅಪಾಂನಪಾತ್, ಸಮುದ್ರ ಇವರ ಸಂಗಡ ಕುಳಿತೆದ್ದು ಹೋಗುವನು. ಇವನು ನಮ್ಮನ್ನು ಕೇಡಿಗೆ ಒಪ್ಪಿಸದಿರಲಿ ಎಂಬುದು ಋಷಿಗಳು ಇವನಲ್ಲಿ ಮಾಡಿದ ಪ್ರಾರ್ಥನೆ.

ಇಂದ್ರನು ಕೊಂದ ವೃತ್ರನಿಗೂ ಅಹಿಯೆಂದೇ ಹೆಸರು. ಹಾಗಾದರೆ ಒಂದು ಸರ್ಪಕ್ಕೆ ವಜ್ರದ ಪೆಟ್ಟೂ ಮತ್ತೊಂದಕ್ಕೆ ಆಹುತಿಯೂ ಏಕೆ? ನಮಗೆ ತೋರುವುದೇನೆಂದರೆ, ನೀರನ್ನು ತಡೆದವನು ವೈರಿ, ನೀರಿನ ತಳದಲ್ಲಿದ್ದು ಅದನ್ನು ಕಾಯುವವನು ದೇವತೆ. ಐತರೇಯ ಬ್ರಾಹ್ಮಣವು ಇವನನ್ನು ಗಾರ್ಹಪತ್ಯವೆಂಬ ಗೃಹಸ್ಥನ ಅಗ್ನಿಯೊಡನೆ ಒಂದಾಗಿಸಿತು. ಪುರಾಣಗಳು ಏಕಾದಶರುದ್ರರಲ್ಲಿ ಎಣಿಸಿದವು.

ದೂರದ ನಾರ್ಸ್ ಜನರ ಕಥೆಗಳಲ್ಲಿಯೂ ತಳದ ಸರ್ಪವುಂಟು. 13ನೆಯ ಶತಮಾನದಲ್ಲಿ ಐಸ್‌ಲೆಂಡಿನಲ್ಲಿ ಬರೆದಿಟ್ಟ ಎಡ್ಡಾ ಗ್ರಂಥಗಳಂತೆ, ಯಿಗ್ದ್ರಸಿಲ್ ಎಂಬ ವಿಶ್ವವೃಕ್ಷದ ಬೇರನ್ನು ನೀದ್ಹೊಗ್ ಎಂಬ ಸರ್ಪವು ಕಡಿಯುತ್ತಿರುವುದು. ನಾರ್ನ್‌ಗಳೆಂಬ ವಿಧಿಕನ್ಯೆಯರು ಪ್ರತಿದಿನವೂ ಊರ್ದ್ ಎಂಬ ಬಾವಿಯ ನೀರನ್ನು ಸೇದಿ, ಮರವು ಕೊಳೆಯದಂತೆ ಎರೆಯುವರು. ನಮ್ಮ ಅರಳಿಕಟ್ಟೆಯಲ್ಲಿಯೂ ಮರವುಂಟು, ಬುಡದಲ್ಲಿ ನಾಗರಕಲ್ಲುಂಟು, ನೀರೆರೆಯುವ ಹೆಂಗಸರುಂಟು. ಭೇದವಿಷ್ಟೆ: ಅಲ್ಲಿ ನೀರೆರೆಯುವುದು ಮರಕ್ಕೆ, ಸರ್ಪವು ಹಗೆ, ಇಲ್ಲಿ ನೀರನ್ನೂ ಹಾಲನ್ನೂ ಎರೆಯುವುದು ಸರ್ಪಕ್ಕೇ.

ಅಜ್ಜಿಯವರು ಇವನಿಗೆ ಹಬ್ಬವಿಲ್ಲವೆಂದರು. ಹೆಸರು ಹಿಡಿದು ಮಾಡುವ ಹಬ್ಬವಿಲ್ಲ, ನಿಜ. ಆದರೆ ನಾಗರಪಂಚಮಿಯ ದಿವಸ ನೆಲವನ್ನು ಅಗೆಯಬಾರದು, ಉಳಬಾರದು ಎಂಬ ನೇಮವನ್ನು ಅವರ ತಾಯಿಯೂ ಪಾಲಿಸಿದ್ದರು. ವರ್ಷಕ್ಕೆ ಒಂದು ದಿನವಾದರೂ ತಳದಲ್ಲಿರುವವನನ್ನು ಕೆಣಕದಿರುವ ಈ ಮರ್ಯಾದೆಯು ಅಹಿರ್ಬುಧ್ನ್ಯನಿಗೂ ಸಲ್ಲತಕ್ಕದ್ದೇ ಅಲ್ಲವೆ?

ನಮ್ಮ ಊರಿನ ಹೆಸರನ್ನೇ ನೋಡಿರಿ. 'ಸಂದ್ರ'ವು ಸಮುದ್ರ ಶಬ್ದದ ತದ್ಭವ. ಊರ ಹೆಸರುಗಳಲ್ಲಿ ಅದಕ್ಕೆ ಕೆರೆಯೆಂದರ್ಥ. ನಾಗನ ಹೆಸರನ್ನೂ ನೀರಿನ ಹೆಸರನ್ನೂ ಒಟ್ಟಿಗೆ ಹೊತ್ತ ಊರಿದು. ಇಲ್ಲಿಗೆ 2015ರ ಮೇ 1ರಂದು ಮೆಟ್ರೋ ರೈಲು ಬಂದಿತು. ಹೆಸರು ಈಗ ನಿಲ್ದಾಣದ ಹಲಗೆಯ ಮೇಲಿದೆ. ಮಗ್ಗುಲಲ್ಲಿಯೇ ಪೀಣ್ಯದ ಕಾರ್ಖಾನೆಗಳು. ಅಲ್ಲಿಯ ಅಂತರ್ಜಲದಲ್ಲಿ, ಲೋಹಕ್ಕೆ ಮೆರುಗು ಕೊಡುವ ಕೆಲಸದಿಂದ ಇಳಿದ ಕ್ರೋಮಿಯಂ ವಿಷವು ಸೇರಿರುವುದನ್ನು ಪರೀಕ್ಷೆಗಳು ತೋರಿಸಿವೆ. ತಳದವನು ನಮಗೆ ಕೇಡು ಮಾಡದಿರಲಿ ಎಂದು ಋಷಿಗಳು ಬೇಡಿದರು. ಈಗ ಕೇಡು ಮೇಲಿನಿಂದ ತಳಕ್ಕೆ ಇಳಿಯುತ್ತಿದೆ. ವಿಷವು ಮೊದಲು ಸರ್ಪದಲ್ಲಿರಲಿಲ್ಲ, ನಮ್ಮ ಕೈಯಲ್ಲಿತ್ತು.

ಕಾರ್ಖಾನೆಯವರ ಹೊಣೆಯನ್ನು ಸರಕಾರವು ವಿಚಾರಿಸಲಿ. ಗೃಹಸ್ಥರಾದ ನಮ್ಮ ಪಾಲಿಗೂ ಕೆಲಸವುಂಟು. ಬತ್ತಿದ ಕೊಳವೆಬಾವಿಗೆ ಬಚ್ಚಲ ನೀರನ್ನು ಬಿಡಬಾರದು. ಕೆಟ್ಟ ಎಣ್ಣೆ, ಬಣ್ಣ, ಬ್ಯಾಟರಿಯ ಆಮ್ಲಗಳನ್ನು ಮಣ್ಣಿಗೆ ಸುರಿಯಬಾರದು. ಮಹಡಿಯ ಮೇಲೆ ಬಿದ್ದ ಮಳೆಯ ನೀರನ್ನು ಸೋಸಿ ಇಂಗುಗುಂಡಿಗೆ ಇಳಿಸಬೇಕು. ಬೆಂಗಳೂರಿನಲ್ಲಿ ಮಳೆನೀರು ಕೊಯ್ಲಿಗೆ 2009ರಲ್ಲಿಯೇ ಶಾಸನವಾಗಿದೆ. ಮೇಲಣ ಆಳದ ನೀರು ಕೆಳಗಣ ಆಳಕ್ಕೆ ಶುದ್ಧವಾಗಿ ಸೇರಿದರೆ, ಗುಡಿಯಿಲ್ಲದ ಈ ದೇವತೆಗೆ ಅದಕ್ಕಿಂತ ಉತ್ತಮವಾದ ಅಭಿಷೇಕವು ಬೇರೊಂದಿಲ್ಲ.

ಉತ್ತರಾಭಾದ್ರೆಯ ಆ ಕೂಸು ಬೆಳೆದು, ಈ ಊರಿನ ನೀರನ್ನು ಭಯವಿಲ್ಲದೆ ಕುಡಿಯುವಂತಾಗಲಿ.