ಮಿದುಳು ಕುಗ್ಗಿಸುವುದು ಮಾತ್ರೆಯೋ, ಕಾಯಿಲೆಯೋ?

ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆ ಎಂದರೆ ಸುತ್ತಲ ಊರುಗಳಿಗೆ ಮೊದಲು ನೆನಪಾಗುವುದು ಶನಿಮಹಾತ್ಮನ ಗುಡಿ. ಶನಿವಾರ ಬಂತೆಂದರೆ ಎಳ್ಳೆಣ್ಣೆ ದೀಪ ಹಚ್ಚುವವರ ಸಾಲು. ಮನೆಯ ಹುಡುಗ ಇದ್ದಕ್ಕಿದ್ದಂತೆ ಒಬ್ಬನೇ ಮಾತಾಡತೊಡಗಿದರೆ, ಯಾರೋ ಹೊಂಚು ಹಾಕಿದ್ದಾರೆಂದು ಕದ ಹಾಕಿಕೊಂಡು ಕೂತರೆ, ಹಳ್ಳಿಮನೆಗಳ ಶಂಕೆ ಬಹಳಷ್ಟು ಸಲ ಮೊದಲು ಹೋಗುವುದು ಶನಿಯ ಏಳರಾಟದ ಕಡೆಗೇ. ಆಸ್ಪತ್ರೆಯ ಸರದಿ ಆಮೇಲೆ. ಅಲ್ಲಿಗೆ ಹೋಗಿ ಮಾತ್ರೆ ಶುರುವಾಯಿತು ಅನ್ನುವಷ್ಟರಲ್ಲಿ ಇನ್ನೊಂದು ಭಯ ಕಾದಿರುತ್ತದೆ: ‘ಈ ಮಾತ್ರೆ ನುಂಗಿದರೆ ಮಿದುಳು ಕುಗ್ಗುತ್ತದಂತೆ.’

ಇದು ಬರೀ ಗಾಳಿಮಾತಲ್ಲ.

ಅಮೆರಿಕದ ಅಯೋವಾದಲ್ಲಿ ನ್ಯಾನ್ಸಿ ಆಂಡ್ರಿಯಾಸನ್ ಅವರ ತಂಡ ಇಂಥ ಲಕ್ಷಣಗಳಿರುವ ಸ್ಕಿಜೋಫ್ರೇನಿಯಾ ಕಾಯಿಲೆಯ 211 ರೋಗಿಗಳ ಮಿದುಳನ್ನು ಸರಾಸರಿ ಏಳು ವರ್ಷ ಎಂಆರ್‌ಐನಲ್ಲಿ ನೋಡುತ್ತಾ ಹೋಯಿತು. ಹೆಚ್ಚು ಔಷಧಿ ತೆಗೆದುಕೊಂಡವರಲ್ಲಿ ಮಿದುಳಿನ ಬೂದುದ್ರವ್ಯ (ಗ್ರೇ ಮ್ಯಾಟರ್) ಹೆಚ್ಚಾಗಿ ಕುಗ್ಗಿತ್ತು ಎಂದು 2011ರಲ್ಲಿ ವರದಿ ಮಾಡಿತು. ಅದಕ್ಕೂ ಮುಂಚೆ, 2005ರಲ್ಲಿ, ಹ್ಯಾಲೊಪೆರಿಡಾಲ್ ಅಥವಾ ಒಲಾಂಜಪಿನ್ ಎಂಬ ಇದೇ ಕಾಯಿಲೆಯ ಔಷಧಿ ತಿನ್ನಿಸಿದ ಆರೋಗ್ಯವಂತ ಕೋತಿಗಳ ಮಿದುಳಿನ ತೂಕ ಶೇ 8ರಿಂದ 11ರಷ್ಟು ಇಳಿದದ್ದು ಕಂಡಿತ್ತು. ಕೋತಿಗೆ ಕಾಯಿಲೆ ಇರಲಿಲ್ಲ, ಹಾಗಾಗಿ ತಪ್ಪು ಮಾತ್ರೆಯದೇ. ಆದರೆ ಅದೇ ಮಿದುಳುಗಳನ್ನು ಮತ್ತೆ ಪರೀಕ್ಷಿಸಿದಾಗ ಕಡಿಮೆಯಾಗಿದ್ದು ಮುಖ್ಯವಾಗಿ ಗ್ಲಿಯಾ ಎಂಬ ಆಸರೆ ಕೋಶಗಳು. ನರಕೋಶಗಳ ಸಂಖ್ಯೆ ಗಣನೀಯವಾಗಿ ಇಳಿದಿರಲಿಲ್ಲ. ಮಿದುಳು ಕುಗ್ಗುವುದು, ನರಕೋಶ ಸಾಯುವುದು ಎರಡೂ ಒಂದೇ ಅಲ್ಲ.

ಮನುಷ್ಯರ ವಿಷಯಕ್ಕೆ ಬಂದರೆ ಗೋಜಲು. ಕಾಯಿಲೆ ಜೋರಾಗಿರುವವರಿಗೇ ವೈದ್ಯರು ಹೆಚ್ಚು ಡೋಸ್ ಕೊಡುತ್ತಾರೆ. ಮಿದುಳು ಕುಗ್ಗಿದ್ದು ಯಾವುದರಿಂದ? ಗಂಟು ಬಿಡಿಸಲು ಒಂದೂ ಮಾತ್ರೆ ಮುಟ್ಟದ ರೋಗಿಗಳು ಬೇಕು. ಶ್ರೀಮಂತ ದೇಶಗಳಲ್ಲಿ ಅಂಥವರು ಸಿಗುವುದೇ ಅಪರೂಪ. ನಮ್ಮಲ್ಲಿ ಸಿಗುತ್ತಾರೆ, ಹೆಮ್ಮೆಪಡುವ ಸಂಗತಿಯೇನಲ್ಲ. ನಿಮ್ಹಾನ್ಸ್‌ನ ಜಿ. ವೆಂಕಟಸುಬ್ರಮಣಿಯನ್, ಬಿ.ಎನ್. ಗಂಗಾಧರ್ ಮತ್ತಿತರರು ಇಂಥ ರೋಗಿಗಳನ್ನೇ ಸ್ಕ್ಯಾನ್ ಮಾಡಿದಾಗ, ಚಿಕಿತ್ಸೆಗೆ ಮುಂಚೆಯೇ ಬೂದುದ್ರವ್ಯದ ಕೊರತೆ ಕಂಡುಬಂತು. ಅಂದರೆ ಕಾಯಿಲೆಯೂ ನಿರಪರಾಧಿಯಲ್ಲ.

ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಮೊದಲ ಸಲ ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಸ್ಥಿತಿ) ಬಂದ ಯುವಕ-ಯುವತಿಯರಲ್ಲಿ ಕೆಲವರಿಗೆ ಔಷಧಿ, ಕೆಲವರಿಗೆ ಹುಸಿಮಾತ್ರೆ ಕೊಟ್ಟು ನೋಡಿದರು. ಎರಡೂ ಗುಂಪಿಗೆ ಆಪ್ತಸಮಾಲೋಚನೆಯ ಆಸರೆ ಇತ್ತು. ಮಿದುಳಿನೊಳಗಿನ ಪ್ಯಾಲಿಡಮ್ ಎಂಬ ಭಾಗ ಔಷಧಿ ಪಡೆದವರಲ್ಲಿ ಹಿಗ್ಗಿತು, ಹುಸಿಮಾತ್ರೆಯವರಲ್ಲಿ ಕುಗ್ಗಿತು. ಒಂದೇ ಬಗೆಯ ಔಷಧಿ ಒಂದು ಕಡೆ ಕುಗ್ಗಿಸಿ ಇನ್ನೊಂದು ಕಡೆ ಹಿಗ್ಗಿಸುವುದಾದರೆ, ‘ಮಿದುಳು ತಿನ್ನುವ ಮಾತ್ರೆ’ ಎಂಬ ವಾಟ್ಸ್‌ಆ್ಯಪ್ ತೀರ್ಪಿಗೆ ಬೆಲೆಯೇನು?

ಸ್ಕ್ಯಾನ್ ಪಟಕ್ಕಿಂತ ಬದುಕು ದೊಡ್ಡ ಅಳತೆಗೋಲು. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್‌ನ ಜಗದೀಶ ತೀರ್ಥಹಳ್ಳಿ ಮತ್ತು ಸಂಗಡಿಗರು ಹಳ್ಳಿಯ ರೋಗಿಗಳನ್ನು ಒಂದು ವರ್ಷ ಹಿಂಬಾಲಿಸಿದರು. ಔಷಧಿ ತೆಗೆದುಕೊಂಡವರ ಅಸಾಮರ್ಥ್ಯ ತಗ್ಗಿತು. ತೆಗೆದುಕೊಳ್ಳದೇ ಇದ್ದವರದು ಇದ್ದಲ್ಲೇ ಉಳಿಯಿತು. ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ ಲೆಕ್ಕಕ್ಕೆ ಬರುವುದೂ ಇದೇ: ಮಗ ಮತ್ತೆ ಮಗ್ಗಕ್ಕೆ ಬಂದನೇ? ಹಾಗೆಂದು ಮಾತ್ರೆಯಿಂದಾಗುವ ಕೈನಡುಕ, ಮಂಪರು, ಬೊಜ್ಜು, ಸಕ್ಕರೆ ಕಾಯಿಲೆಗಳನ್ನು ಮುಚ್ಚಿಡುವುದೂ ಸಲ್ಲ. ಮಿದುಳಿನ ಗಾತ್ರಕ್ಕಿಂತ ಇವೇ ಕಣ್ಣಿಗೆ ಕಾಣುವ ಹಾನಿ.

ಆದ್ದರಿಂದ ಕೇಳಬೇಕಾದ ಪ್ರಶ್ನೆ ಮಾತ್ರೆ ಬೇಕೋ ಬೇಡವೋ ಎಂಬುದಲ್ಲ, ಎಷ್ಟು ಕಡಿಮೆ ಡೋಸ್‌ನಲ್ಲಿ ಗುಣವಾಗಿರಬಹುದು ಎಂಬುದು. ಅದನ್ನು ತೀರ್ಮಾನಿಸಲು ವೈದ್ಯರು ರೋಗಿಯನ್ನು ಮತ್ತೆ ಮತ್ತೆ ನೋಡಬೇಕು. ತಾಲ್ಲೂಕು ಆಸ್ಪತ್ರೆಗಳ ‘ಮನೋಚೈತನ್ಯ’ ಮಾನಸಿಕ ಆರೋಗ್ಯ ಸೇವೆ ಮಂಗಳವಾರಕ್ಕಷ್ಟೇ ಸೀಮಿತವಾದರೆ ಸಾಲದು. ಮನೆಯವರು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸದೆ, ಮುಂದಿನ ಭೇಟಿಯಲ್ಲಿ ಡೋಸ್ ಕುರಿತ ಈ ಪ್ರಶ್ನೆಯನ್ನು ವೈದ್ಯರ ಮುಂದಿಡಲಿ. ತುರ್ತು ಅನ್ನಿಸಿದರೆ ಟೆಲಿ-ಮಾನಸ್‌ನ ಸಹಾಯವಾಣಿ 14416 ಇದೆ. ಉಚಿತ, ಕನ್ನಡದಲ್ಲೇ ಮಾತಾಡಬಹುದು.