ದಂಡ ಹಾಕಿ, ಮರ್ಯಾದೆ ಕಿತ್ಕೋಬೇಡಿ

ನಮ್ಮಪ್ಪನಿಗೆ 71 ವರ್ಷ. ಶುಗರ್ ಇದೆ. ಮೊನ್ನೆ ಮಾತ್ರೆ ತರೋಕೆ ಟಿವಿಎಸ್ ಎಕ್ಸೆಲ್‌ನಲ್ಲಿ ಪೇಟೆಗೆ ಹೋಗಿದ್ದರು. ಹೆಲ್ಮೆಟ್ ಇರಲಿಲ್ಲ. ತಪ್ಪೇ. 500 ರೂಪಾಯಿ ದಂಡಕ್ಕೆ ನನ್ನ ತಕರಾರಿಲ್ಲ.

ತಕರಾರಿರೋದು ಆಮೇಲೆ ನಡೆದದ್ದಕ್ಕೆ. ಮೊಮ್ಮಗನ ವಯಸ್ಸಿನ ಪೊಲೀಸಪ್ಪ ಅಡ್ಡ ಬಂದು ಕೀ ಕಿತ್ಕೊಂಡ. "ಏಯ್ ಮುದ್ಕ, ಇಳಿಯೋ. ಯಾವೂರು? ಯಾವ ಕೇರಿ?" ಅಪ್ಪ ಹೇಳಿದರು. ಅಲ್ಲಿಂದ ಒಂದೂವರೆ ಗಂಟೆ ಬಿಸಿಲಲ್ಲೇ ನಿಲ್ಲಿಸಿದ. ಅದೇ ಹೊತ್ತಿಗೆ ಸೀಟ್‌ಬೆಲ್ಟ್ ಇಲ್ಲದೆ ಕಾರಲ್ಲಿ ಬಂದ ಇನ್ನೊಬ್ಬ ಹಿರಿಯರಿಗೆ "ಬೆಲ್ಟ್ ಹಾಕ್ಕೊಳ್ಳಿ ಯಜಮಾನ್ರೇ, ಹೋಗ್ಬನ್ನಿ" ಅಂದನಂತೆ.

ಅಪ್ಪ ಎರಡು ದಿನ ಬಾಯಿ ಬಿಡಲಿಲ್ಲ. ಆಮೇಲೆ ಹೇಳಿದ್ದು ಒಂದೇ ಮಾತು: "ಕೀ ಕೊಡಿ ಬುದ್ಧೀ ಅಂದ್ಬುಟ್ಟೆ ಕಣಪ್ಪ."

ಎಂಬತ್ತರ ದಶಕದಲ್ಲಿ ದಸಂಸ ಜಾಥಾದಲ್ಲಿ ನಡೆದು ಬಂದ ಮನುಷ್ಯ ಅವರು. ಇನ್ಮೇಲೆ ಯಾರನ್ನೂ 'ಬುದ್ಧಿ' ಅನ್ನಲ್ಲ ಅಂತ ಅವತ್ತೇ ಬಿಟ್ಟಿದ್ದರು. ಅದಕ್ಕಾಗಿ ಕೂಲಿ ಕಳ್ಕೊಂಡರೂ ಮತ್ತೆ ಆಡದ ಮಾತನ್ನ ಖಾಕಿ ಒಂದೂವರೆ ಗಂಟೆಯಲ್ಲಿ ಆಡಿಸಿಬಿಡ್ತು.

"ಇದರಲ್ಲೂ ಜಾತಿ ತರ್ತೀರಲ್ಲ" ಅಂತ ಕಾಮೆಂಟ್ ಹಾಕೋರಿಗೆ ಒಂದೇ ಪ್ರಶ್ನೆ: ಹೆಲ್ಮೆಟ್ ಕೇಸಿಗೆ ಕೇರಿ ಯಾಕೆ ಬೇಕು ಸ್ವಾಮಿ?

1988ರ ಮೋಟಾರು ವಾಹನ ಕಾಯ್ದೆಯ 130ನೇ ಸೆಕ್ಷನ್ ಸಮವಸ್ತ್ರದಲ್ಲಿರೋ ಪೊಲೀಸರಿಗೆ ಲೈಸೆನ್ಸ್ ಕೇಳುವ ಅಧಿಕಾರ ಕೊಡುತ್ತೆ. ಕೇಳಲಿ. ಏಕವಚನದಲ್ಲಿ ಬೈಯೋಕೆ, ಬಿಸಿಲಲ್ಲಿ ನಿಲ್ಲಿಸೋಕೆ ಯಾವ ಸೆಕ್ಷನ್ನೂ ಇಲ್ಲ. ಜಾತಿ ಕಾರಣಕ್ಕೆ ನಾಲ್ಕು ಜನರ ಎದುರು ಅವಮಾನ ಮಾಡಿದ್ರೆ ಮಾತ್ರ ಸೆಕ್ಷನ್ ಇದೆ. 1989ರ ದೌರ್ಜನ್ಯ ತಡೆ ಕಾಯ್ದೆ ಖಾಕಿಗೂ ಅನ್ವಯಿಸುತ್ತೆ.

2025ರ ಮೇನಲ್ಲಿ ಮಂಡ್ಯದಲ್ಲಿ ಹೆಲ್ಮೆಟ್ ತಪಾಸಣೆಗೆ ಬೈಕ್ ಅಡ್ಡಗಟ್ಟಿದಾಗ, ಆಸ್ಪತ್ರೆಗೆ ಹೊರಟಿದ್ದ ಪುಟ್ಟ ಮಗುವೊಂದು ಕೆಳಗೆ ಬಿದ್ದು ಜೀವ ಬಿಟ್ಟಿತು. ಆಮೇಲೆ ಅಮಾನತು ಆಯ್ತು. ಪ್ರತಿ ಸಲ ಹೆಣ ಬಿದ್ದ ಮೇಲೇ ಎಚ್ಚರ ಆಗಬೇಕಾ?

ನಾವು ಕೇಳ್ತಿರೋದು ದೊಡ್ಡದೇನಲ್ಲ. ವಯಸ್ಸಾದವರು ಸಿಕ್ಕರೆ ಮೊದಲು ನೆರಳಿಗೆ ಕರೀರಿ. ಬಹುವಚನದಲ್ಲಿ ಮಾತಾಡಿ. ಕೀಗೆ ಕೈ ಹಾಕಬೇಡಿ. ರಸೀದಿ ಕೊಟ್ಟು ಐದು ನಿಮಿಷದಲ್ಲಿ ಕಳಿಸಿ. ಕಾರಿನವರಿಗೂ ಎಕ್ಸೆಲ್‌ನವರಿಗೂ ಒಂದೇ ದಂಡ, ಒಂದೇ ಭಾಷೆ.

ನಿಮ್ಮ ಬಾಯಿಗೆ 'ಯಜಮಾನ್ರೇ' ಬರುತ್ತೆ ಅಂತ ಗೊತ್ತಾಗಿದೆ. ನಮ್ಮಪ್ಪನಿಗೂ ಬರಲಿ.

ದೂರು ಬರೆದಾಗಿದೆ. ನಾಳೆ ಅಪ್ಪನ ಜೊತೆ ಹೋಗಿ ಕೊಡ್ತೀನಿ. ಇಬ್ಬರೂ ಹೆಲ್ಮೆಟ್ ಹಾಕ್ಕೊಂಡೇ ಹೋಗ್ತೀವಿ.

ಜೈ ಭೀಮ್.